ಕಳಿಸಿದ ಕಾಗದ ಮುಟ್ಟಿತೇ?

"ಈ ವರ್ಷ ನಿಮ್ಮಲ್ಲಿ ರಂಬುಟಾನ್ ಆಗ್ಲಿಲ್ವಾ ಸಾರ್?"

ಬೆಂಗಳೂರಿನಿಂದ ಈ ಫೋನ್ ಬಂದದ್ದು 2024ರ ಜುಲೈ ಕೊನೆಗೆ. ಮರದಲ್ಲಿ ಉಳಿದದ್ದು ಬಾವಲಿ ಪಾಲಿನ ನಾಲ್ಕು ಗೊಂಚಲು ಮಾತ್ರ. ಕೇಳಿದವರು ಮೂರು ವರ್ಷಗಳಿಂದ ಬಿಡದೆ ನಮ್ಮಿಂದ ಹಣ್ಣು ತರಿಸಿಕೊಂಡವರು.

"ಆಗದೆ ಎಂತ? ತಿಂಗಳ ಮೊದಲ ವಾರವೇ ಇಮೇಲ್ ಹಾಕಿದ್ದೆನಲ್ಲ. ನೋಡ್ಲಿಲ್ವಾ?"

"ಬಂದೇ ಇಲ್ಲ ಸಾರ್."

ಫೋನ್ ಇಡದೆ ಹುಡುಕಿದರು. ಎರಡು ನಿಮಿಷ ಬಿಟ್ಟು, "ಇದೆ ಸಾರ್, ಸ್ಪ್ಯಾಮ್‌ನಲ್ಲಿ ಬಿದ್ದಿದೆ" ಎಂದರು. ಇನ್ನೊಂದು ವಾರ ಕಳೆದಿದ್ದರೆ ಅಲ್ಲಿಯೂ ಸಿಗುತ್ತಿರಲಿಲ್ಲ. ಜಿಮೇಲ್‌ನಲ್ಲಿ ಸ್ಪ್ಯಾಮ್ ಎಂಬ ಕಸದ ಬುಟ್ಟಿಗೆ ಬಿದ್ದದ್ದು 30 ದಿನಕ್ಕೆ ತಾನಾಗಿ ಅಳಿದುಹೋಗುತ್ತದೆ.

ಆ ವರ್ಷ ನಾನು ಕಾಗದ ಕಳಿಸಿದ್ದು 214 ಮಂದಿಗೆ. ಹಣ್ಣು ಬೇಕೆಂದು ಬರೆದವರು 17 ಮಂದಿ. ಹಿಂದಿನ ವರ್ಷ ಇದರ ಮೂರು ಪಾಲು ಬಂದಿತ್ತು. 'ದರ ಹೆಚ್ಚಾಯಿತೋ ಏನೋ, ಪೇಟೆಯವರಿಗೆ ರಂಬುಟಾನ್ ಸಾಕಾಯಿತೋ ಏನೋ' ಎಂದುಕೊಂಡು ಸುಮ್ಮನಾದೆ. ಮರ ಸುಮ್ಮನಿರುತ್ತದೆಯೇ? ರಂಬುಟಾನ್ ಬಾಳೆಯ ಹಾಗಲ್ಲ, ಕೊಯ್ದು ಇಟ್ಟರೆ ಹಣ್ಣಾಗುವುದಿಲ್ಲ, ಮರದಲ್ಲೇ ಹಣ್ಣಾಗಬೇಕು. ಕೊಯ್ದ ಮೂರನೇ ದಿನಕ್ಕೆ ಕೂದಲು ಕಪ್ಪಾಗಲು ಸುರು. ಒಳಗಿನ ತಿರುಳು ಚೆನ್ನಾಗಿದ್ದರೂ ನೋಡಿದವರು ಮುಟ್ಟುವುದಿಲ್ಲ. ಕಡೆಗೆ ಮುಕ್ಕಾಲು ಪಾಲು ಹಣ್ಣನ್ನು ಪಿಕಪ್ಪಿನವರು ಹೇಳಿದ ದರಕ್ಕೆ ತುಂಬಿಸಿ ಕಳಿಸಿದೆ. ಗಿರಾಕಿ ಬೇಡವೆಂದದ್ದಲ್ಲ, ಅವರಿಗೆ ಸುದ್ದಿಯೇ ಮುಟ್ಟಿಲ್ಲ ಎಂದು ಗೊತ್ತಾದಾಗ ಸೀಸನ್ ಮುಗಿದಿತ್ತು.

"ಈ ಕಾಲದಲ್ಲಿ ಇಮೇಲ್ ಯಾಕೆ ಮಾರಾಯ್ರೆ, ವಾಟ್ಸಾಪ್ ಇಲ್ವಾ?" ಎಂದು ನೀವು ಕೇಳಬಹುದು. ನಾನೂ ಅದನ್ನೇ ಮಾಡುತ್ತಿದ್ದೆ. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಗೆ ಒಂದು ಕಟ್ಟು ಉಂಟು. ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಹೆಸರು ಹಾಕಿ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಹಲಸಿನ ಮೇಳದಲ್ಲಿ ಒಮ್ಮೆ ಹಣ್ಣು ತಿಂದು, ನಮ್ಮ ಪುಸ್ತಕದಲ್ಲಿ ವಿಳಾಸ ಬರೆದು ಹೋದವರು ನಮ್ಮ ನಂಬರ್ ಉಳಿಸಿಟ್ಟಿರುತ್ತಾರೆಯೇ? ಅಂಥವರಿಗೆ ಇಮೇಲ್ ಒಳ್ಳೆಯದು. ದರ, ತೂಕ, ಬಸ್ಸಿನ ಪಾರ್ಸೆಲ್ ದಿನ ಎಲ್ಲ ಒಂದೇ ಕಡೆ ಇರುತ್ತದೆ. ಮುಟ್ಟಿದರೆ!

ತಂಗಿಯ ಮಗ ಕಂಡುಹಿಡಿದದ್ದು

ಮಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ತಂಗಿಯ ಮಗ ಚೌತಿಗೆ ಬಂದಿದ್ದ. ನನ್ನ ಕಾಗದ ಅವನಿಗೂ ಹೋಗಿತ್ತು, ಅವನ ಸ್ಪ್ಯಾಮಿನಲ್ಲೂ ಬಿದ್ದಿತ್ತಂತೆ. ಬೇರೆ ಏನೋ ಹುಡುಕುವಾಗ ಕಂಡು, ಆವತ್ತೇ ಇನ್‌ಬಾಕ್ಸಿಗೆ ತೆಗೆದಿಟ್ಟದ್ದರಿಂದ ಅಳಿದಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ತೆರೆದು, ಬಲಗಡೆಯ ಮೂರು ಚುಕ್ಕೆ ಒತ್ತಿ, 'ಶೋ ಒರಿಜಿನಲ್' ಎಂಬುದನ್ನು ಆರಿಸಿದ. ಕಾಗದದ ಜಾತಕವೇ ಬಂತು! ಮೇಲೆ ಮೂರು ಸಾಲು. ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಡಿಮಾರ್ಕ್ ಫೇಲ್.

"ಮಾವ, ನೀವು ಕಳಿಸಿದ್ದು ಜಿಮೇಲಿನಿಂದ ಅಲ್ಲ ಅಲ್ವಾ?"

ಅಲ್ಲ. ಮೊದಲೆರಡು ವರ್ಷ ಎಂಬತ್ತು ತೊಂಬತ್ತು ಮಂದಿ ಇದ್ದಾಗ ನಾನೇ ಜಿಮೇಲಿನಿಂದ ಬಿಸಿಸಿ ಹಾಕಿ ಕಳಿಸುತ್ತಿದ್ದೆ. ಉಚಿತ ಜಿಮೇಲಿನಲ್ಲಿ ದಿನಕ್ಕೆ 500 ಮಂದಿಯವರೆಗೆ ಅವಕಾಶ ಉಂಟು. ಪಟ್ಟಿ ಬೆಳೆದ ಮೇಲೆ ಯಾರೋ ಹೇಳಿದರೆಂದು ಒಂದು 'ಸಗಟು ಇಮೇಲ್' ಸೇವೆ ಹಿಡಿದೆ. ಪ್ರತಿಯೊಬ್ಬರ ಹೆಸರು ಹಾಕಿ ಚೆಂದದಲ್ಲಿ ಕಳಿಸುತ್ತದೆ. ಕಳಿಸಿದವರು ಯಾರು ಎಂಬಲ್ಲಿ ನನ್ನ ಹಳೆಯ ಜಿಮೇಲ್ ವಿಳಾಸವನ್ನೇ ಕೊಟ್ಟಿದ್ದೆ. ತಪ್ಪಾದದ್ದು ಅಲ್ಲೇ.

ಆ ಮೂರು ಸಾಲುಗಳ ಅರ್ಥವನ್ನು ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಸ್‌ಪಿಎಫ್ ಎಂದರೆ, 'ನನ್ನ ಹೆಸರಿನಲ್ಲಿ ಅಂಚೆ ಹಾಕಲು ಇಂಥವರಿಗೆ ಅಪ್ಪಣೆ ಉಂಟು' ಎಂದು ವಿಳಾಸದ ಯಜಮಾನ ಊರಿಗೆಲ್ಲ ಕಾಣುವಂತೆ ಹಚ್ಚಿಟ್ಟ ಪಟ್ಟಿ. ಡಿಕಿಮ್ ಎಂದರೆ ಕಾಗದಕ್ಕೆ ಒತ್ತಿದ ಅರಗಿನ ಮೊಹರು. ದಾರಿಯಲ್ಲಿ ಯಾರೂ ತಿದ್ದಿಲ್ಲ, ಮೊಹರಿನ ಯಜಮಾನ ಇಂಥವನು ಎಂದು ಅದು ಹೇಳುತ್ತದೆ. ಡಿಮಾರ್ಕ್ ನೋಡುವುದು ಇನ್ನೊಂದನ್ನು. ಕಾಗದದ ಮೇಲೆ ಕಾಣುವ ಹೆಸರಿಗೂ ಪಟ್ಟಿಯ ಅಥವಾ ಮೊಹರಿನ ಹೆಸರಿಗೂ ತಾಳೆ ಆಗುತ್ತದೆಯೇ? ಆಗದಿದ್ದರೆ ಏನು ಮಾಡಬೇಕು? ನನ್ನ ಕಾಗದದಲ್ಲಿ ಪಟ್ಟಿ, ಮೊಹರು ಎರಡೂ ಆ ಸೇವೆಯವರದ್ದು. ಎರಡೂ ಸಾಚಾ. ಆದರೆ ಮೇಲೆ ಬರೆದ ಹೆಸರು ಜಿಮೇಲ್‌ನದ್ದು! ಸೊಸೈಟಿಗೆ ಬೇರೆಯವರ ಪಾಸ್‌ಪುಸ್ತಕ ಹಿಡಿದು ಹೋದ ಹಾಗೆ. ಪುಸ್ತಕ ಅಸಲಿಯೇ, ಹಿಡಿದವನು ಬೇರೆ.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇದನ್ನು ಬಿಗಿ ಮಾಡಿವೆ. ಜಿಮೇಲಿಗೆ ಕಳಿಸುವವರು ಯಾರೇ ಇರಲಿ, ಪಟ್ಟಿ ಅಥವಾ ಮೊಹರು ಒಂದಾದರೂ ಬೇಕು. ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವ ದೊಡ್ಡವರಿಗೆ ಮೂರೂ ಬೇಕು, ಒಂದೇ ಒತ್ತಿಗೆ 'ನನಗೆ ಬೇಡ' ಎನ್ನುವ ಗುಂಡಿಯೂ ಬೇಕು. ಬೇರೆ ಕಡೆಯಿಂದ ಕಳಿಸುತ್ತಾ ಜಿಮೇಲ್ ವಿಳಾಸದ ವೇಷ ಹಾಕಬೇಡಿ, ಹಾಕಿದರೆ ಮುಟ್ಟಲಿಕ್ಕಿಲ್ಲ ಎಂದು ಗೂಗಲ್ ನಿಯಮದಲ್ಲೇ ಬರೆದಿದೆ. 2025ರ ಮೇಯಿಂದ ಔಟ್‌ಲುಕ್, ಹಾಟ್‌ಮೇಲ್‌ಗಳ ಮೈಕ್ರೋಸಾಫ್ಟ್‌ನವರೂ ದೊಡ್ಡ ಸಂಖ್ಯೆಯಲ್ಲಿ ಕಳಿಸುವವರಿಗೆ ಇದೇ ದಾರಿ ಹಿಡಿದರು.

ಅವರನ್ನು ಬೈದು ಪ್ರಯೋಜನ ಇಲ್ಲ. ಕೇಳದೆ ಬರುವ ಜಾಹೀರಾತಿನ ಕಾಟ ಇವತ್ತಿನದ್ದಲ್ಲ. 1978ರಲ್ಲಿ, ಇಂಟರ್ನೆಟ್ಟಿನ ಅಜ್ಜನಂತಿದ್ದ ಅರ್ಪಾನೆಟ್ ಎಂಬ ಜಾಲದಲ್ಲಿ ಗ್ಯಾರಿ ಥರ್ಕ್ ಎಂಬ ಅಮೆರಿಕದ ಕಂಪ್ಯೂಟರ್ ಮಾರಾಟಗಾರ ಸುಮಾರು 400 ಮಂದಿಗೆ ಒಟ್ಟಿಗೇ ಜಾಹೀರಾತು ಕಳಿಸಿ ಬೈಸಿಕೊಂಡಿದ್ದ. ಸ್ಪ್ಯಾಮ್ ಎಂಬುದು ಮೂಲದಲ್ಲಿ ಡಬ್ಬಿಯಲ್ಲಿ ಬರುವ ಹಂದಿಮಾಂಸದ ಹೆಸರು! ಈ ಕಾಟಕ್ಕೆ ಆ ಹೆಸರು ಹತ್ತಿದ್ದು ನಂತರ. ಸಾವಿರಾರು ಮಂದಿ ಕಳ್ಳರ ನಡುವೆ ನಮ್ಮಂಥ ಹಣ್ಣು ಮಾರುವವನನ್ನು ಗುರುತಿಸುವುದು ಯಂತ್ರಕ್ಕೂ ಸುಲಭವಲ್ಲ. ಗುರುತಿನ ಚೀಟಿ ನಾವೇ ಇಟ್ಟುಕೊಳ್ಳಬೇಕು.

ನಾನು ಸ್ವಂತ ಡೊಮೇನ್, ಎಂದರೆ ನಮ್ಮದೇ ಹೆಸರಿನ ವಿಳಾಸ, ತೆಗೆದುಕೊಂಡೆ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಪಟ್ಟಿ, ಮೊಹರುಗಳ ಸಾಲುಗಳನ್ನು ಇಮೇಲ್ ಸೇವೆಯವರೇ ಕೊಡುತ್ತಾರೆ. ಡೊಮೇನ್ ಮಾರಿದವರ ಪುಟದಲ್ಲಿ ಅವನ್ನು ಅಂಟಿಸಬೇಕು. ಗೊತ್ತಿರುವವರಿಗೆ ಅರ್ಧ ಗಂಟೆಯ ಕೆಲಸ.

ಒದ್ದೆ ಗೋಣಿಯ ಪರೀಕ್ಷೆ

"ಇಷ್ಟು ಮಾಡಿದ ಮೇಲೆ ಇನ್ನೆಂತ?" ಎಂದದ್ದಕ್ಕೆ ಅಳಿಯ ನಕ್ಕ. "ಎಲ್ಲರಿಗೂ ಕಳಿಸುವ ಮೊದಲು ನಾಲ್ಕು ಕಡೆಗೆ ಕಳಿಸಿ ನೋಡಿ ಮಾವ."

ಗದ್ದೆ ಇದ್ದ ಕಾಲದಲ್ಲಿ ನಮ್ಮ ಅಪ್ಪ ಬಿತ್ತುವ ಮೊದಲು ಬೀಜದ ಭತ್ತದಿಂದ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದರು. ಮೊಳಕೆ ಎಷ್ಟು ಬಂತು ಎಂದು ನೋಡಿಯೇ ಬೀಜ ಗದ್ದೆಗೆ. ಇದೂ ಅದೇ. ಈ ವಿದ್ಯೆಯವರು ಪರೀಕ್ಷೆಗೆ ಇಟ್ಟುಕೊಂಡ ವಿಳಾಸಗಳಿಗೆ 'ಸೀಡ್ ಲಿಸ್ಟ್', ಎಂದರೆ ಬೀಜದ ಪಟ್ಟಿ ಎಂದೇ ಹೇಳುತ್ತಾರೆ! ದುಡ್ಡು ಕೊಟ್ಟರೆ ಇಂಥ ಪಟ್ಟಿ ಬಾಡಿಗೆಗೆ ಕೊಡುವ ಸಂಸ್ಥೆಗಳಿವೆ. ಇನ್ನೂರು ಮಂದಿಗೆ ಬರೆಯುವ ನಮಗೆ ಅದು ಬೇಡ. ನೆಂಟರು ಸಾಕು.

ನಾನು ಒಟ್ಟು ಮಾಡಿದ್ದು ಎಂಟು ವಿಳಾಸ. ಜಿಮೇಲ್ ಮೂರು, ಯಾಹೂ ಒಂದು, ಔಟ್‌ಲುಕ್ ಒಂದು, ಬ್ಯಾಂಕಿನಲ್ಲಿದ್ದು ನಿವೃತ್ತರಾದ ದೊಡ್ಡಪ್ಪನ ಹಳೆಯ ರೆಡಿಫ್‌ಮೇಲ್ ಒಂದು. ಇನ್ನೆರಡು ಬೆಂಗಳೂರಿನ ಕಂಪೆನಿಗಳ ಆಫೀಸು ವಿಳಾಸ. ನನ್ನ ಗಿರಾಕಿಗಳಲ್ಲಿ ಯಾವ ಬಗೆಯ ವಿಳಾಸ ಹೆಚ್ಚೋ ಪರೀಕ್ಷೆಯಲ್ಲೂ ಅದೇ ಹೆಚ್ಚು ಇರಬೇಕು. ಹೆಚ್ಚಿನವರದ್ದು ಜಿಮೇಲೇ.

ಒಂದು ಎಚ್ಚರಿಕೆ. ನಿಮ್ಮೊಂದಿಗೆ ದಿನಾ ಪತ್ರವ್ಯವಹಾರ ಇರುವವರ ವಿಳಾಸ ಪರೀಕ್ಷೆಗೆ ಆಗದು. ಜಿಮೇಲ್ ಆಯಾ ಮನುಷ್ಯನ ನಡತೆಯನ್ನೂ ನೋಡುತ್ತದೆ. ನಿಮ್ಮ ಕಾಗದವನ್ನು ಬಂದ ಕೂಡಲೇ ತೆರೆಯುವ ಮಗಳ ಪೆಟ್ಟಿಗೆಯಲ್ಲಿ ಅದು ಇನ್‌ಬಾಕ್ಸಿಗೇ ಬೀಳುತ್ತದೆ. 'ಸರಿ ಉಂಟು' ಎಂದು ನೀವು ಮೋಸ ಹೋಗುತ್ತೀರಿ. ಹಾಗೆಯೇ ಪರೀಕ್ಷೆಯವರು ಸ್ಪ್ಯಾಮಿನಲ್ಲಿ ಕಂಡದ್ದನ್ನು 'ಇದು ಸ್ಪ್ಯಾಮ್ ಅಲ್ಲ' ಎಂದು ಒತ್ತಿಬಿಟ್ಟರೆ ಆ ಪೆಟ್ಟಿಗೆ ಮುಂದಿನ ಪರೀಕ್ಷೆಗೆ ಕೆಟ್ಟಿತು. ನೋಡಿ, ಹೇಳಿ, ಮುಟ್ಟಬೇಡಿ ಎಂದು ಮೊದಲೇ ಹೇಳಿಡಬೇಕು. ನಮ್ಮ ದೊಡ್ಡಪ್ಪನಿಗೆ ಇದನ್ನು ಮೂರು ಸಲ ಹೇಳಬೇಕಾಯಿತು.

ಇನ್ನೊಂದು, 'ಟೆಸ್ಟ್ ಟೆಸ್ಟ್' ಎಂದು ಎರಡು ಪದ ಬರೆದು ಕಳಿಸುವುದು ಪರೀಕ್ಷೆಯಲ್ಲ. ಗಿರಾಕಿಗೆ ಹೋಗಬೇಕಾದ ಕಾಗದವನ್ನೇ, ಅದೇ ತಲೆಬರಹ, ಅದೇ ಚಿತ್ರ, ಅದೇ ಸೇವೆಯ ಮೂಲಕ ಕಳಿಸಬೇಕು. ಜೊಳ್ಳನ್ನು ನೆನೆಹಾಕಿ ಬೀಜದ ಗುಣ ತಿಳಿಯಲಿಕ್ಕುಂಟೇ?

ಮೊದಲ ಪರೀಕ್ಷೆ, ಮೊದಲ ಮುಖಭಂಗ

2025ರ ಮೇ ಎರಡನೇ ವಾರ ಕಳಿಸಿದೆ. ಹಣ್ಣಿಗೆ ಇನ್ನೂ ಒಂದೂವರೆ ತಿಂಗಳು ಇತ್ತು. ಮರುದಿನ ಎಂಟೂ ಮಂದಿಗೆ ಫೋನ್ ಮಾಡಿದೆ. ಜಿಮೇಲ್ ಮೂರರಲ್ಲಿ ಎರಡು 'ಪ್ರಮೋಷನ್ಸ್' ಎಂಬ ಪಕ್ಕದ ಕೋಣೆಯಲ್ಲಿ, ಒಂದು ಸ್ಪ್ಯಾಮಿನಲ್ಲಿ. ಯಾಹೂ ಸ್ಪ್ಯಾಮ್. ಔಟ್‌ಲುಕ್ ಕಸದ ಬುಟ್ಟಿ. ರೆಡಿಫ್ ಮತ್ತು ಒಂದು ಆಫೀಸಿನಲ್ಲಿ ಮಾತ್ರ ಇನ್‌ಬಾಕ್ಸ್. ಇನ್ನೊಂದು ಆಫೀಸಿನವರು, "ಎಲ್ಲಿಯೂ ಇಲ್ಲ, ಸ್ಪ್ಯಾಮಿನಲ್ಲೂ ಇಲ್ಲ" ಎಂದರು. ದೊಡ್ಡ ಕಂಪೆನಿಗಳು ಸಂಶಯ ಬಂದ ಕಾಗದವನ್ನು ಬಾಗಿಲಲ್ಲೇ ಹಿಡಿದಿಡುತ್ತವೆ. ಒಳಗಿನವರಿಗೆ ಸುಳಿವೇ ಸಿಗುವುದಿಲ್ಲ.

ನೇರ 200 ಮಂದಿಗೆ ಕಳಿಸಿದ್ದರೆ ಇನ್ನೊಂದು ವರ್ಷವೂ ಪಿಕಪ್ಪೇ ಗತಿ!

ಕಾರಣ ಹುಡುಕಲು ಪುನಃ 'ಶೋ ಒರಿಜಿನಲ್'. ಇದು ಕಂಪ್ಯೂಟರಿನಲ್ಲಿ ಮಾತ್ರ ಸಿಗುತ್ತದೆ, ಫೋನಿನ ಜಿಮೇಲ್ ಆ್ಯಪಿನಲ್ಲಿ ಇಲ್ಲ. ಈ ಸಲ ಡಿಕಿಮ್ ಫೇಲ್. ಆ ಮೊಹರಿನ ಸಾಲು ಒಂದು ಮಾರು ಉದ್ದ. ಅಂಟಿಸುವಾಗ ಬಾಲ ತುಂಡಾಗಿ ಹೋಗಿತ್ತು. ಸರಿಪಡಿಸಿದೆವು.

ಅಷ್ಟರಲ್ಲಿ ದೊಡ್ಡಪ್ಪನ ಫೋನ್. "ಕಾಗದ ಬಂದಿದೆ ಮಾರಾಯ, ಆದರೆ ನೀನು ಎಂತ ಬರೆದದ್ದು? ಕಾಗೆ ಕಾಲು ಗುಬ್ಬಿ ಕಾಲು!" ಇಂಗ್ಲಿಷಿನಲ್ಲಿ ಬರೆದ ಭಾಗ ಸರಿ ಇತ್ತು, ಕನ್ನಡದ ಭಾಗ ಅರ್ಥವಿಲ್ಲದ ಗುರುತುಗಳ ಸಾಲು. ನಾನು ಕನ್ನಡ ಬೆರಳಚ್ಚು ಕಲಿತದ್ದು ನುಡಿಯ ಹಳೆಯ ಫಾಂಟಿನಲ್ಲಿ. ಅದು ಯುನಿಕೋಡ್ ಅಲ್ಲ. ಆ ಫಾಂಟ್ ಇರುವ ನನ್ನ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದವರಲ್ಲಿ ಕಸ. ಹಳೆಯ ಬರಹ ಫಾಂಟಿನದ್ದೂ ಇದೇ ಕತೆ. ನಮ್ಮಲ್ಲಿ ಇನ್ನೂ ಹಲವರು ಹೀಗೇ ಬರೆಯುತ್ತಾರೆ, ಆದುದರಿಂದ ಒತ್ತಿ ಹೇಳುತ್ತೇನೆ. ಕಾಗದವನ್ನು ಫೋನಿನಲ್ಲಿ ಕನ್ನಡ ಕೀಲಿಮಣೆಯಿಂದ ಬರೆಯಿರಿ, ಅಥವಾ ನುಡಿಯಲ್ಲೇ ಯುನಿಕೋಡ್ ಆರಿಸಿ ಬರೆಯಿರಿ. ಕಸದಂತೆ ಕಂಡ ಕಾಗದವನ್ನು ಗಿರಾಕಿಯೇ ಸ್ಪ್ಯಾಮ್ ಎಂದು ಒತ್ತುತ್ತಾನೆ.

ಆ ಒಂದು ಒತ್ತು ದುಬಾರಿ. ದೂರು ಶೇಕಡಾ 0.3ಕ್ಕೆ, ಎಂದರೆ ಸಾವಿರಕ್ಕೆ ಮೂರಕ್ಕೆ, ಏರಬಾರದು ಎಂದು ಗೂಗಲ್ ಹೇಳುತ್ತದೆ. ಅದು ದೊಡ್ಡವರಿಗೆ ಇಟ್ಟ ಲೆಕ್ಕ. ಆದರೂ ಯೋಚಿಸಿ, ನಮ್ಮ 200ರಲ್ಲಿ ಒಬ್ಬ ಒತ್ತಿದರೇ ಅದು ಶೇಕಡಾ ಅರ್ಧ! ಹಾಗಾಗಿ ಕಾಗದದ ಕೆಳಗೆ 'ನನಗೆ ಬೇಡ' ಎನ್ನಲು ಸುಲಭದ ದಾರಿ ಇಡಿ. ಸಿಟ್ಟಿನಲ್ಲಿ ಸ್ಪ್ಯಾಮ್ ಒತ್ತುವ ಬದಲು ಸಮಾಧಾನದಲ್ಲಿ ಹೊರಗೆ ಹೋಗಲಿ.

ಎರಡನೇ ಪರೀಕ್ಷೆಯಲ್ಲಿ ಯಾಹೂ ಇನ್‌ಬಾಕ್ಸಿಗೆ ಬಂತು. ಸ್ಪ್ಯಾಮಿನಲ್ಲಿದ್ದ ಜಿಮೇಲ್ ಪ್ರಮೋಷನ್ಸಿಗೆ ಬಂತು. ಔಟ್‌ಲುಕ್ ಮಾತ್ರ ಜಪ್ಪೆನ್ನಲಿಲ್ಲ. ಇಲ್ಲಿ ಅಳಿಯ ಮೇಲ್-ಟೆಸ್ಟರ್ ಎಂಬ ಉಚಿತ ಸೌಲಭ್ಯ ತೋರಿಸಿದ. ಅದನ್ನು ತೆರೆದರೆ ಒಂದು ವಿಳಾಸ ಕೊಡುತ್ತದೆ. ಅಲ್ಲಿಗೆ ನಮ್ಮ ಕಾಗದ ಕಳಿಸಿ, ಒಂದು ನಿಮಿಷ ಬಿಟ್ಟು ನೋಡಿದರೆ ಹತ್ತಕ್ಕೆ ಇಂತಿಷ್ಟು ಎಂದು ಮಾರ್ಕು! ಎಲ್ಲೆಲ್ಲಿ ಮಾರ್ಕು ಕಡಿದಿದೆ ಎಂದೂ ಬರೆದಿರುತ್ತದೆ. ಒಳಗೆ ಕೆಲಸ ಮಾಡುವುದು ಸ್ಪ್ಯಾಮ್ ಅಸಾಸಿನ್ ಎಂಬ ಹಳೆಯ ಜರಡಿ. ಒಂದೊಂದು ಕೆಟ್ಟ ಲಕ್ಷಣಕ್ಕೆ ಇಷ್ಟಿಷ್ಟು ಅಂಕ ಕೂಡಿಸುತ್ತಾ ಹೋಗುತ್ತದೆ; ಸಾಮಾನ್ಯವಾಗಿ 5 ಮುಟ್ಟಿದರೆ ಸ್ಪ್ಯಾಮ್ ಎಂಬ ತೀರ್ಮಾನ.

ನನ್ನ ದೋಷ ಎರಡು. ಮೊದಲನೆಯದು ಚಿತ್ರ. ಹಣ್ಣಿನ ಫೋಟೋ, ದರ, ಫೋನ್ ನಂಬರ್ ಎಲ್ಲ ಸೇರಿಸಿ ಒಂದೇ ಪೋಸ್ಟರ್ ಮಾಡಿದ್ದೆ, ಕೆಳಗೆ ಎರಡು ಸಾಲು ಬರಹ. ಅಕ್ಷರಗಳನ್ನು ಚಿತ್ರದೊಳಗೆ ಅಡಗಿಸುವುದು ಕಳ್ಳರ ಹಳೆಯ ಉಪಾಯವಂತೆ, ಹಾಗಾಗಿ ಚಿತ್ರವೇ ಹೆಚ್ಚಿದ್ದರೆ ಜರಡಿಗೆ ಸಂಶಯ. ಅದಲ್ಲದೆ ಆಫೀಸಿನ ಕೆಲವು ಕಂಪ್ಯೂಟರುಗಳಲ್ಲಿ, ಒತ್ತಿ ಕೇಳುವವರೆಗೆ ಚಿತ್ರ ತೆರೆಯುವುದೇ ಇಲ್ಲ. ಗಿರಾಕಿಗೆ ಕಾಣುವುದು ಖಾಲಿ ಚೌಕ! ದರವೂ ಇಲ್ಲ, ನಂಬರೂ ಇಲ್ಲ. ಎರಡನೆಯದು, ಉದ್ದದ ಕೊಂಡಿಯನ್ನು ಮೊಟಕು ಮಾಡಿ ಹಾಕಿದ್ದು. ಮೊಟಕು ಕೊಂಡಿಯ ಹಿಂದೆ ಏನಿದೆ ಎಂದು ಕಾಣುವುದಿಲ್ಲ, ಕಳ್ಳರಿಗೂ ಅದೇ ಇಷ್ಟ.

ಪೋಸ್ಟರ್ ಬಿಟ್ಟೆ. ಕಾಗದ ಬರೆದ ಹಾಗೆ ಬರೆದೆ. 'ಹೊಳೆ ಬದಿಯ ಆರು ಮರ ಕೆಂಪಾಗಿವೆ, ಜುಲೈ ಮೊದಲ ಸೋಮವಾರ ಕೊಯ್ಲು, ಐದು ಕಿಲೋದ ಪೆಟ್ಟಿಗೆ, ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ನಿಮ್ಮಲ್ಲಿ.' ಸಣ್ಣ ಫೋಟೋ ಒಂದೇ ಒಂದು. ಮೂರನೇ ಪರೀಕ್ಷೆಗೆ ಔಟ್‌ಲುಕ್ಕೂ ಇನ್‌ಬಾಕ್ಸಿಗೆ ಬಂತು. ಜಿಮೇಲಿನ ಎರಡು ಪ್ರಮೋಷನ್ಸಿನಲ್ಲೇ ಉಳಿದವು. ಅದು ಇರಲಿ ಬಿಡಿ, ನಾವು ಕಳಿಸುವುದು ಮಾರಾಟದ ಸುದ್ದಿಯೇ ತಾನೆ? ಅಲ್ಲಿ ಬಿದ್ದದ್ದು ಅಳಿದುಹೋಗುವುದಿಲ್ಲ, ಹುಡುಕಿದರೆ ಸಿಗುತ್ತದೆ. ಬಾಗಿಲಲ್ಲೇ ಹಿಡಿದಿಟ್ಟ ಆ ಆಫೀಸು ಮಾತ್ರ ಕೊನೆಗೂ ಬಿಡಲಿಲ್ಲ.

ಉದ್ದ ಬರೆಯುವವರಿಗೆ ಇನ್ನೊಂದು ಮಾತು. 102 ಕಿಲೋಬೈಟ್ ದಾಟಿದ ಕಾಗದವನ್ನು ಜಿಮೇಲ್ ಅಲ್ಲಿಗೇ ಕತ್ತರಿಸಿ 'ಪೂರ್ತಿ ನೋಡಿ' ಎಂದು ತೋರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಕೊಂಬು ದೀರ್ಘಗಳಿಗೂ ಬೇರೆ ಮೂರು ಮೂರು. ನಾಲ್ಕೇ ಅಕ್ಷರದ 'ರಂಬುಟಾನ್' 24 ಬೈಟ್ ತಿನ್ನುತ್ತದೆ! ನಮ್ಮ ಒಂದು ಪುಟದ ಕಾಗದಕ್ಕೆ ತೊಂದರೆ ಇಲ್ಲ. ವರ್ಡಿನಿಂದ ನಕಲು ತೆಗೆದು ಅಂಟಿಸಿದರೆ ಕಾಣದ ಕಸವೂ ಜೊತೆಗೆ ಬರುತ್ತದೆ, ಆಗ ನೋಡಿಕೊಳ್ಳಿ. ಕೆಳಗಿನ 'ನನಗೆ ಬೇಡ' ಸಾಲು ಮೊದಲು ಕತ್ತರಿಸಿ ಹೋಗುವುದು.

ಪರೀಕ್ಷೆ ಹೇಳದೆ ಇರುವುದು

ಎಂಟು ಪೆಟ್ಟಿಗೆಯಲ್ಲಿ ಸರಿ ಬಂತೆಂದು 200ರಲ್ಲೂ ಬರುತ್ತದೆ ಎನ್ನುವಂತಿಲ್ಲ. ಗೋಣಿಯಲ್ಲಿ ತೊಂಬತ್ತು ಮೊಳೆತ ಬೀಜ ಗದ್ದೆಯಲ್ಲಿ ಎಪ್ಪತ್ತಕ್ಕೆ ನಿಂತದ್ದು ನಾವು ಕಾಣದ್ದೇ? ಹತ್ತಕ್ಕೆ ಹತ್ತು ಮಾರ್ಕು ಬಂದರೂ ಅಷ್ಟೇ, ಯಾವ ಪೆಟ್ಟಿಗೆಗೆ ಬೀಳುತ್ತದೆ ಎಂದು ಆ ಮಾರ್ಕು ಹೇಳುವುದಿಲ್ಲ. ದೊಡ್ಡ ತಪ್ಪು ಇದ್ದರೆ ಪರೀಕ್ಷೆ ಮೊದಲೇ ತೋರಿಸುತ್ತದೆ, ಅಷ್ಟು. ಉಳಿದದ್ದು ನಮ್ಮ ನಡತೆಯ ಮೇಲೆ.

ಹೊಸ ಡೊಮೇನಿಗೆ ಗುರುತು ಪರಿಚಯ ಇರುವುದಿಲ್ಲ. ಹಾಗಾಗಿ ನಾನು ಒಂದೇ ದಿನ ಎಲ್ಲರಿಗೂ ಹಾಕಲಿಲ್ಲ. ಮೊದಲ ದಿನ ಹಿಂದೆ ಹಣ್ಣು ಕೊಂಡ 40 ಮಂದಿಗೆ. ಅವರು ತೆರೆದರು, ಉತ್ತರ ಬರೆದರು. ಆಮೇಲೆ ದಿನಕ್ಕೆ ಐವತ್ತರಂತೆ ಉಳಿದವರಿಗೆ. ಮೇಳದ ಪುಸ್ತಕದಲ್ಲಿ ಗಡಿಬಿಡಿಯಲ್ಲಿ ಗೀಚಿದ್ದ 26 ವಿಳಾಸಗಳು ಹಿಂದೆಯೇ ವಾಪಸು ಬಂದಿದ್ದವು. ಅವನ್ನು ಮೊದಲೇ ತೆಗೆದುಹಾಕಿದ್ದೆ. ಇಲ್ಲದ ವಿಳಾಸಕ್ಕೆ ಮತ್ತೆ ಮತ್ತೆ ಕಳಿಸುವವನ ಮೇಲೆ ಎಲ್ಲರಿಗೂ ಸಂಶಯ.

ಎಷ್ಟು ಮಂದಿ ತೆರೆದರು ಎಂದು ಸೇವೆಯವರ ಪುಟದಲ್ಲಿ ತೋರಿಸುತ್ತದೆ. ಅದನ್ನು ನಂಬಿ ಪೆಟ್ಟಿಗೆ ಕಟ್ಟಬೇಡಿ. 2021ರ ನಂತರ ಆಪಲ್ ಫೋನುಗಳ ಮೇಲ್ ಆ್ಯಪಿನಲ್ಲಿ, ಮನುಷ್ಯ ತೆರೆಯದಿದ್ದರೂ ಚಿತ್ರಗಳು ತಾವಾಗಿ ತೆರೆದುಕೊಳ್ಳುವ ವ್ಯವಸ್ಥೆ ಬಂದಿದೆ. ಹಾಗಾಗಿ ಆ ಲೆಕ್ಕ ಉಬ್ಬಿರುತ್ತದೆ. ನಾನು ಲೆಕ್ಕ ಇಡುವುದು ಬಂದ ಉತ್ತರವನ್ನು ಮಾತ್ರ.

ಉತ್ತರ ಬಂದದ್ದು 61. ಆ ವರ್ಷ ಮಳೆ ಬೇಗ ಹಿಡಿದು ಹಣ್ಣು ಸ್ವಲ್ಪ ಕಡಿಮೆಯೇ ಇತ್ತು. ಕೊನೆಯ ಒಂಬತ್ತು ಮಂದಿಗೆ ಇಲ್ಲವೆಂದು ಬರೆಯಬೇಕಾಯಿತು. ಪಿಕಪ್ಪಿನವರು ಗೇಟಿನ ಹತ್ತಿರ ನಿಂತು ಕೇಳಿ ಹೋದರು.

ಹಿಂದಿನ ವರ್ಷ ಫೋನ್ ಮಾಡಿದ್ದ ಬೆಂಗಳೂರಿನವರಿಗೆ ಈ ಸಲ ಮುಟ್ಟಿತ್ತು, ಎರಡು ಪೆಟ್ಟಿಗೆ ಹೋಯಿತು. ಬಾಗಿಲಲ್ಲೇ ಹಿಡಿದಿಡುವ ಆ ಕಂಪೆನಿಯಲ್ಲಿ ನಮ್ಮ ಗಿರಾಕಿಗಳು ಮೂವರಿದ್ದಾರೆ. ಮನೆಯ ವಿಳಾಸ ಕೇಳಿಟ್ಟುಕೊಂಡಿದ್ದೇನೆ. ಅವರಿಗೆ ಜೂನ್ ಹದಿನೈದಕ್ಕೆ ಅಂಚೆ ಕಾರ್ಡು ಹಾಕುತ್ತೇನೆ.